ಹಳೆಯ ಕಾರಿನ ಲೋಹದ ಪಟ್ಟಿಗಳನ್ನು ಬಿಚ್ಚಿ ಹೊಳಪಿಸುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡಲಗಾಳಿಯಲ್ಲಿ ಉಪ್ಪಿನಂಶವಿರುವುದರಿಂದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂತಹ ಹಳೆಯ ಕಾರುಗಳಲ್ಲಿ ಹೊರಮೈಯ ಅಲಂಕಾರದ ಲೋಹದ ಪಟ್ಟಿಗಳ ಹಿಂಬದಿಗೆ ತುಕ್ಕು ಬೇಗನೆ ಹಿಡಿಯುತ್ತದೆ. ಆದ್ದರಿಂದ ಮೇಲಿನಿಂದ ಹೊಳಪು ಕೊಟ್ಟರೆ ಸಾಲದು, ಪಟ್ಟಿಯನ್ನು ಬಿಚ್ಚಲೇಬೇಕು. ಈ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸುವುದು ಒಳ್ಳೆಯದು.

ಮೊದಲು ಪಟ್ಟಿಯ ಎರಡೂ ಅಂಚಿನ ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಒಳಗಿನಿಂದ ನಟ್ಟು ಹಾಕಿದ್ದರೆ ಅವುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಕ್ಲಿಪ್ಪಿನಲ್ಲಿ ಕೂತ ಪಟ್ಟಿಯನ್ನು ಪ್ಲಾಸ್ಟಿಕ್ ಇಲ್ಲವೇ ಮರದ ಚಪ್ಪಟೆ ಬೆಣೆಯಿಂದ ಪ್ರತಿ ಕ್ಲಿಪ್ಪಿನ ಪಕ್ಕದಲ್ಲೇ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕೇ ಹೊರತು ಒಂದು ತುದಿ ಹಿಡಿದು ಎಳೆಯಬಾರದು, ಏಕೆಂದರೆ ಒಮ್ಮೆ ಮಡಿಕೆ ಬಿದ್ದ ಪಟ್ಟಿಯನ್ನು ಮೊದಲಿನಂತೆ ನೇರಗೊಳಿಸುವುದು ಬಲು ಕಷ್ಟ.

ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಯಾದರೆ ತಗ್ಗನ್ನು ಒಳಗಿನಿಂದ ಮೆಲ್ಲಗೆ ಬಡಿದು ಸರಿಪಡಿಸಿ, 600ರಿಂದ 2000ದವರೆಗಿನ ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಬಳಸುವ ಉಜ್ಜುಕಾಗದ) ಕ್ರಮವಾಗಿ ಉಜ್ಜಿ, ಬಫಿಂಗ್ (ತಿರುಗುವ ಬಟ್ಟೆಯ ಚಕ್ರದಿಂದ ಹೊಳಪು ಕೊಡುವುದು) ಮಾಡಬಹುದು. ಕ್ರೋಮ್ ಲೇಪನವಾದರೋ ಬಹಳ ತೆಳು. ಅದಕ್ಕೆ ಉಜ್ಜುಕಾಗದ ತಾಗಿಸಲೇಬಾರದು. ಮೇಲ್ಮೈಯ ತುಕ್ಕನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯಿಂದ ಹಗುರವಾಗಿ ತಿಕ್ಕಿದರೆ ಸಾಕು. ಲೇಪನವೇ ಎದ್ದಿದ್ದರೆ ಮರುಲೇಪನವೊಂದೇ ದಾರಿ.

ಮರಳಿ ಕೂರಿಸುವ ಮುನ್ನ ಕ್ಲಿಪ್ಪಿನ ರಂಧ್ರಗಳ ತುಕ್ಕನ್ನು ಕೆರೆದು, ತುಕ್ಕುನಿರೋಧಕ ಪ್ರೈಮರ್ ಹಚ್ಚಿ ಚೆನ್ನಾಗಿ ಒಣಗಿಸಿ, ಪಟ್ಟಿಯ ಹಿಂಬದಿಗೂ ಮೇಣ ಸವರಬೇಕು.