ಸ್ಟೀಮ್‌ನಲ್ಲಿ ಗೆಳೆಯರ ಜೊತೆ ಆಡಬೇಕಾ? ಮೊದಲು ಹೋಸ್ಟ್ ಯಾರು ಅಂತ ತೀರ್ಮಾನಿಸಿ

ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ. ನಾಲ್ಕು ಜನ ಗೆಳೆಯರು ಅದರ ಸೇಲ್‌ನಲ್ಲಿ ಒಂದೇ ಗೇಮ್ ಕೊಳ್ಳುತ್ತಾರೆ. ಶನಿವಾರ ರಾತ್ರಿ ಒಂಬತ್ತಕ್ಕೆ ಸೇರೋಣ ಅಂತ ವಾಟ್ಸಾಪ್‌ನಲ್ಲಿ ಮಾತಾಗಿರುತ್ತದೆ. ಹತ್ತೂವರೆ ಆದರೂ ಒಬ್ಬನಿಗೆ ಸರ್ವರ್ (ಆಟ ನಡೆಸುವ ಕಂಪ್ಯೂಟರ್) ಕಾಣಿಸುವುದಿಲ್ಲ, ಇನ್ನೊಬ್ಬನ ವರ್ಷನ್ ಬೇರೆ, ಮತ್ತೊಬ್ಬ ರೌಟರ್ ಸೆಟ್ಟಿಂಗ್ ತೆರೆದಿಟ್ಟುಕೊಂಡು ಯಾವುದೋ ಯೂಟ್ಯೂಬ್ ವಿಡಿಯೊ ನೋಡಿ ಪೋರ್ಟ್ ನಂಬರ್ ತುಂಬುತ್ತಿರುತ್ತಾನೆ. ಹನ್ನೊಂದಕ್ಕೆ ಎಲ್ಲರೂ ನೆಟ್ ಸ್ಪೀಡ್‌ಗೆ ಬೈದು ಮಲಗುತ್ತಾರೆ. ಇದನ್ನು ತುಂಬಾ ಕಡೆ ನೋಡಿದ್ದೇನೆ. ಸ್ಪೀಡ್ ಕಾರಣವಾಗಿರುವುದು ಬಹಳ ಅಪರೂಪ. ಆಟದ ಜಗತ್ತು ಯಾರ ಕಂಪ್ಯೂಟರಿನಲ್ಲಿ ಇರಬೇಕು, ಅಂದರೆ ಹೋಸ್ಟ್ ಯಾರು ಅಂತ ಯಾರೂ ಮೊದಲೇ ಯೋಚಿಸಿರುವುದಿಲ್ಲ, ಎಡವಟ್ಟಾಗುವುದು ಅಲ್ಲೇ.

ಡೋಟಾ 2, ಕೌಂಟರ್ ಸ್ಟ್ರೈಕ್ 2 ತರಹದ ಆಟಗಳಲ್ಲಿ ಈ ತಲೆನೋವಿಲ್ಲ. ಸರ್ವರ್ ಸ್ಟೀಮ್ ನಡೆಸುವ ವಾಲ್ವ್ ಕಂಪನಿಯದೇ. ಪ್ಲೇ ಒತ್ತಿದರೆ ಆಯಿತು. ವಾಲ್‌ಹೈಮ್, ಸ್ಟಾರ್‌ಡ್ಯೂ ವ್ಯಾಲಿ ತರಹದ ಆಟಗಳು ಹಾಗಲ್ಲ, ಅಲ್ಲಿ ನಿಮ್ಮಲ್ಲೇ ಒಬ್ಬರು ಮನೆ ಬಾಗಿಲು ತೆರೆಯಬೇಕು. ಇಲ್ಲಿ ವಾಲ್‌ಹೈಮ್ ಇಟ್ಟುಕೊಂಡೇ ಹೇಳುತ್ತೇನೆ. 2021ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಐರನ್ ಗೇಟ್ ಎಂಬ ಪುಟ್ಟ ತಂಡ ಸ್ಟೀಮ್‌ಗೆ ತಂದ ಆಟ. ಒಂದೇ ಜಗತ್ತಿನಲ್ಲಿ ಹತ್ತು ಜನ ಆಡಬಹುದು. ಮರ ಕಡಿದು, ಮನೆ ಕಟ್ಟಿ, ದೋಣಿ ಹತ್ತಿ ಹೋಗುವ ಆಟ ಇದು, ಗೆಳೆಯರ ಜೊತೆ ಆಡಿದರೇ ಅದರ ಮಜಾ.

ಹಂತ 1: ಅಕೌಂಟ್

ಸ್ಟೀಮ್ ಅಕೌಂಟ್ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಸ್ಟೀಮ್ ಗಾರ್ಡ್ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಫೋನ್‌ನಲ್ಲೂ ಖಚಿತಪಡಿಸಿಕೊಳ್ಳುವ ಕಾವಲು) ಆನ್ ಮಾಡಿ. ಇದನ್ನು ನಾಳೆಗೆ ಬಿಡಬೇಡಿ.

ಹೊಸಬರು ಸಿಕ್ಕಿಹಾಕಿಕೊಳ್ಳುವ ಒಂದು ಸಂಗತಿ ಇದೆ. ಅಕೌಂಟ್‌ನಲ್ಲಿ ಕನಿಷ್ಠ 5 ಡಾಲರ್ ಬೆಲೆಯಷ್ಟು ಖರ್ಚು ಮಾಡುವವರೆಗೆ ಅದು 'ಲಿಮಿಟೆಡ್' ಆಗಿರುತ್ತದೆ, ನೀವು ಫ್ರೆಂಡ್ ರಿಕ್ವೆಸ್ಟ್ ಕಳಿಸಲು ಬರುವುದಿಲ್ಲ. ಆದರೆ ಬಂದಿದ್ದನ್ನು ಒಪ್ಪಿಕೊಳ್ಳಬಹುದು. ಹಾಗಾಗಿ ಹಳೆಯ ಅಕೌಂಟ್ ಇರುವ ಗೆಳೆಯನಿಗೆ ನಿಮ್ಮ ಫ್ರೆಂಡ್ ಕೋಡ್ (ಸ್ಟೀಮ್‌ನಲ್ಲಿ ನಿಮ್ಮನ್ನು ಹುಡುಕುವ ನಂಬರ್) ಕೊಡಿ, ಅವನೇ ಕಳಿಸಲಿ.

ಇನ್ನೊಂದು ಮಾತು. 'ನಮ್ಮ ಟೀಮ್‌ಗೆ ವೋಟ್ ಹಾಕು', 'ತಪ್ಪಾಗಿ ನಿನ್ನ ಅಕೌಂಟ್ ರಿಪೋರ್ಟ್ ಮಾಡಿಬಿಟ್ಟೆ, ಈ ಸಿಬ್ಬಂದಿಯ ಜೊತೆ ಮಾತಾಡು' ಅಂತ ಚಾಟ್ ಬಂದರೆ ಅದು ಮೋಸ. ಕಳಿಸಿದವನು ನಿಮ್ಮ ಖಾಸಾ ಗೆಳೆಯನೇ ಆಗಿದ್ದರೂ ಅಷ್ಟೇ, ಅವನ ಅಕೌಂಟ್ ಆಗಲೇ ಕಳುವಾಗಿರುತ್ತದೆ. ಸ್ಟೀಮ್ ಸಪೋರ್ಟ್‌ನವರು ಚಾಟ್‌ನಲ್ಲಿ ಬಂದು ಮಾತಾಡಿಸುವುದೇ ಇಲ್ಲ. ಲಿಂಕ್ ಒತ್ತಬೇಡಿ, ಅವನಿಗೆ ಫೋನ್ ಮಾಡಿ.

ಹಂತ 2: ಗೇಮ್ ಕೊಳ್ಳುವುದು

ಸ್ಟೋರ್ ಪುಟದ ಬಲಗಡೆ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ಓದಿ. 'ಆನ್‌ಲೈನ್ ಕೋ-ಆಪ್' ಅಂತ ಇದ್ದರೆ ಬೇರೆ ಬೇರೆ ಊರಿನಿಂದ ಆಡಬಹುದು. ಬರೀ 'ಶೇರ್ಡ್ ಸ್ಕ್ರೀನ್' ಅಂತ ಇದ್ದರೆ ಒಂದೇ ಟಿವಿ ಮುಂದೆ ಕೂರಬೇಕು. ಅಂಥ ಆಟಕ್ಕೆ 'ರಿಮೋಟ್ ಪ್ಲೇ ಟುಗೆದರ್' ಗುರುತು ಇದ್ದರೆ ದಾರಿ ಇದೆ. ಒಬ್ಬನ ಹತ್ತಿರ ಗೇಮ್ ಇದ್ದರೆ ಸಾಕು, ಅವನ ಸ್ಕ್ರೀನ್ ವಿಡಿಯೊ ಆಗಿ ಉಳಿದವರಿಗೆ ಹೋಗುತ್ತದೆ. ಇಲ್ಲಿ ಮಾತ್ರ ಅವನ ಅಪ್‌ಲೋಡ್ ಸ್ಪೀಡ್ ಚೆನ್ನಾಗಿರಲೇಬೇಕು.

ಕಡಿಮೆ ಬೆಲೆಗೆ ಕೀ (ಗೇಮನ್ನು ಅಕೌಂಟ್‌ಗೆ ಸೇರಿಸುವ ಕೋಡ್) ಮಾರುವ ಸೈಟ್‌ಗಳ ಕಡೆ ಹೋಗಬೇಡಿ. ಕದ್ದ ಕಾರ್ಡ್‌ನಲ್ಲಿ ಕೊಂಡ ಕೀಗಳೂ ಅಲ್ಲಿ ಬರುತ್ತವೆ, ಆಮೇಲೆ ರದ್ದಾದರೆ ಕೇಳುವವರಿಲ್ಲ. ಸ್ಟೀಮ್‌ನಲ್ಲೇ ಕೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಗೇಮ್ ಓಡುತ್ತಾ ಅಂತ ಮೊದಲ ಒಂದು ಗಂಟೆಯಲ್ಲೇ ನೋಡಿಬಿಡಿ.

ಮನೆಯವರು ಗೇಮ್ ಹಂಚಿಕೊಳ್ಳುವ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನ ಸೇರಬಹುದಲ್ವಾ, ಒಂದೇ ಕಾಪಿ ಕೊಂಡರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಒಂದು ಕಾಪಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬಹುದು. ಅದೂ ಒಂದೇ ಮನೆಯವರಿಗೆ ಅಂತ ಮಾಡಿದ್ದು, ಬಿಟ್ಟು ಹೊರಗೆ ಬಂದರೆ, ಮೊದಲಿನ ಫ್ಯಾಮಿಲಿಗೆ ಸೇರಿದ ದಿನದಿಂದ ಒಂದು ವರ್ಷ ಆಗುವವರೆಗೆ ಇನ್ನೊಂದು ಸೇರುವ ಹಾಗಿಲ್ಲ. ನಿಮ್ಮ ಕಾಪಿಯಲ್ಲಿ ತಮ್ಮ ಚೀಟ್ ಮಾಡಿ ಸಿಕ್ಕಿಬಿದ್ದರೆ ಆ ಗೇಮ್‌ನಲ್ಲಿ ನಿಮಗೂ ಬ್ಯಾನ್ ಬೀಳುತ್ತದೆ. ಇಬ್ಬರೇ ಇದ್ದು ಖರ್ಚು ಉಳಿಸಬೇಕಾದರೆ 'ಇಟ್ ಟೇಕ್ಸ್ ಟೂ' ಆಡಿ. ಅದರ ಫ್ರೆಂಡ್ಸ್ ಪಾಸ್‌ನಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರಿಗೆ ಪುಕ್ಕಟೆ.

ಅಮೆರಿಕದಲ್ಲಿರುವ ಅಣ್ಣನಿಗೆ ಇಲ್ಲಿಂದ ಗಿಫ್ಟ್ ಕಳಿಸುವ ಪ್ಲಾನ್ ಇದ್ದರೆ ಬಿಟ್ಟುಬಿಡಿ. ಎರಡು ದೇಶಗಳ ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಟೀಮ್ ಗಿಫ್ಟ್ ಹೋಗಲು ಬಿಡುವುದಿಲ್ಲ. ಅವರವರದು ಅವರವರೇ ಕೊಳ್ಳಲಿ.

ಹಂತ 3: ಹೋಸ್ಟ್ ಮಾಡುವುದು

ಎಲ್ಲರೂ ಕೆಡಿಸಿಕೊಳ್ಳುವ ಜಾಗ ಇದೇ. ಇದನ್ನು ನಿಧಾನವಾಗಿ ಓದಿ.

ವಾಲ್‌ಹೈಮ್‌ನಲ್ಲಿ ನಿಮ್ಮ ಪಾತ್ರ, ಅದರ ಕೈಲಿರುವ ಸಾಮಾನು ನಿಮ್ಮ ಹತ್ತಿರವೇ ಇರುತ್ತದೆ. ಆದರೆ ಜಗತ್ತು, ಅಂದರೆ ಕಟ್ಟಿದ ಮನೆ, ಪೆಟ್ಟಿಗೆಯಲ್ಲಿಟ್ಟ ಸಾಮಾನು ಎಲ್ಲಾ ಹೋಸ್ಟ್ ಮಾಡಿದವನ ಹತ್ತಿರ. ಅವನು ಆನ್‌ಲೈನ್ ಬರದಿದ್ದರೆ ಉಳಿದವರು ಆ ಜಗತ್ತಿಗೆ ಕಾಲಿಡುವ ಹಾಗೇ ಇಲ್ಲ. ಆದ್ದರಿಂದ ಹೆಚ್ಚು ಹೊತ್ತು ಆಡುವವನು, ನೆಟ್ ಕಟ್ ಆಗದವನು ಹೋಸ್ಟ್ ಆಗಬೇಕು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವವನೇ ಆಗಬೇಕು ಅನ್ನುವುದು ತಪ್ಪು ಲೆಕ್ಕ. ಹೋಸ್ಟ್ ಕಂಪ್ಯೂಟರ್ ವೈಫೈನಲ್ಲಿ ಇರಬಾರದು, ರೌಟರಿನಿಂದ ಕೇಬಲ್ ಎಳೆಯಿರಿ. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿ. ನಮ್ಮಲ್ಲಿ ಕರೆಂಟ್ ಎರಡು ನಿಮಿಷ ಹೋಗಿ ಬಂದರೂ ರೌಟರ್ ಮತ್ತೆ ಎದ್ದು ನಿಲ್ಲುವಷ್ಟರಲ್ಲಿ ಎಲ್ಲರೂ ಹೊರಗೆ ಬಿದ್ದಿರುತ್ತಾರೆ.

ಸುಲಭದ ದಾರಿ ಮೊದಲು. ಗೇಮ್ ತೆರೆದು, ಪಾತ್ರ ಆರಿಸಿ, ಜಗತ್ತು ಆರಿಸುವ ಕಡೆ 'ಸ್ಟಾರ್ಟ್ ಸರ್ವರ್' ಟಿಕ್ ಮಾಡಿ. ಪಾಸ್‌ವರ್ಡ್ ಐದು ಅಕ್ಷರಕ್ಕಿಂತ ಕಡಿಮೆ ಇರಬಾರದು. ಗೆಳೆಯರು ಸ್ಟೀಮ್ ಫ್ರೆಂಡ್ ಲಿಸ್ಟ್‌ನಲ್ಲಿ ನಿಮ್ಮ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಜಾಯಿನ್ ಗೇಮ್' ಒತ್ತಲಿ. ಮುಗಿಯಿತು. ಇಷ್ಟಕ್ಕೆ ರೌಟರ್ ಮುಟ್ಟಬೇಕಾಗಿಲ್ಲ. ಜನ ಇದನ್ನು ಬಿಟ್ಟು ಸೀದಾ ಪೋರ್ಟ್ ಫಾರ್ವರ್ಡಿಂಗ್‌ಗೆ (ಹೊರಗಿನವರು ಒಳಗೆ ಬರಲು ರೌಟರಿನಲ್ಲಿ ದಾರಿ ತೆರೆಯುವುದು) ಹೋಗುತ್ತಾರೆ, ಯಾಕೆ ಅಂತ ನನಗಂತೂ ಅರ್ಥವಾಗಿಲ್ಲ.

ಹೋಸ್ಟ್ ಮಲಗಿದ ಮೇಲೂ ಜಗತ್ತು ತೆರೆದಿರಬೇಕು ಅಂದರೆ ಡೆಡಿಕೇಟೆಡ್ ಸರ್ವರ್ ಬೇಕು, ಅಂದರೆ ಜಗತ್ತನ್ನು ನಡೆಸಲಿಕ್ಕೆಂದೇ ಇರುವ ಪ್ರತ್ಯೇಕ ಪ್ರೋಗ್ರಾಂ. ಸ್ಟೀಮ್ ಲೈಬ್ರರಿಯಲ್ಲಿ 'ಟೂಲ್ಸ್' ಫಿಲ್ಟರ್ ಆನ್ ಮಾಡಿದರೆ 'ವಾಲ್‌ಹೈಮ್ ಡೆಡಿಕೇಟೆಡ್ ಸರ್ವರ್' ಸಿಗುತ್ತದೆ, ದುಡ್ಡಿಲ್ಲ. ಹಳೆಯ ಕಂಪ್ಯೂಟರ್ ಒಂದು ಮೂಲೆಯಲ್ಲಿದ್ದರೆ ಅದರಲ್ಲಿ ಹಾಕಿ. ಆ ಫೋಲ್ಡರ್‌ನಲ್ಲಿ ಸರ್ವರ್ ಶುರು ಮಾಡುವ ಬ್ಯಾಚ್ ಫೈಲ್ ಇರುತ್ತದೆ. ಅದನ್ನು ಕಾಪಿ ಮಾಡಿ, ಬೇರೆ ಹೆಸರಿಟ್ಟು, ಆ ಕಾಪಿಯಲ್ಲೇ ಸರ್ವರ್ ಹೆಸರು, ಜಗತ್ತಿನ ಹೆಸರು, ಪಾಸ್‌ವರ್ಡ್ ಬದಲಿಸಿ. ಮೂಲ ಫೈಲ್‌ನಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲಾ ಅಳಿಸಿಹೋಗಬಹುದು. ಸರ್ವರ್ ಹೆಸರಿನೊಳಗೆ ಪಾಸ್‌ವರ್ಡ್ ಪದ ಇರಬಾರದು, ಇದ್ದರೆ ಸರ್ವರ್ ಏಳುವುದೇ ಇಲ್ಲ.

ಈಗ ಈ ಡೆಡಿಕೇಟೆಡ್ ಸರ್ವರ್‌ಗೆ ಬೇಕಾದ ಪೋರ್ಟ್ ವಿಷಯ. ವಾಲ್‌ಹೈಮ್‌ಗೆ 2456 ಮತ್ತು 2457 ಪೋರ್ಟ್ ಬೇಕು, ರೌಟರಿನಲ್ಲಿ ಅವುಗಳ ಬಗೆ ಯುಡಿಪಿ ಅಂತ ಆರಿಸಿ. ಟಿಸಿಪಿ ಆರಿಸಿ ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ. ಆದರೆ ಇದನ್ನೆಲ್ಲಾ ಮಾಡುವ ಮೊದಲು ಒಂದೇ ಒಂದು ಪರೀಕ್ಷೆ ಮಾಡಿ. ರೌಟರ್ ಪುಟ ತೆರೆದು 'ವ್ಯಾನ್ ಐಪಿ' (ರೌಟರಿನ ಇಂಟರ್ನೆಟ್ ಕಡೆಯ ವಿಳಾಸ) ಅಂತ ಇರುವ ನಂಬರ್ ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಐಪಿ ಯಾವುದು ಅಂತ ತೋರಿಸುವ ಯಾವುದಾದರೂ ಸೈಟ್ ನೋಡಿ. ಎರಡೂ ಒಂದೇ ಇದ್ದರೆ ಮುಂದುವರಿಯಿರಿ. ಬೇರೆ ಬೇರೆ ಇದ್ದರೆ, ಅದರಲ್ಲೂ ರೌಟರಿನದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಐಪಿ ವಿಳಾಸಗಳ ಕೊರತೆಯಿಂದಾಗಿ ಕಂಪನಿಯವರು ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ. ಹೊರಗಿನಿಂದ ಬಂದ ಗೆಳೆಯನ ಕನೆಕ್ಷನ್ ನಿಮ್ಮ ರೌಟರಿನವರೆಗೆ ಬರುವುದೇ ಇಲ್ಲ, ಕಂಪನಿಯ ಹತ್ತಿರವೇ ನಿಲ್ಲುತ್ತದೆ. ನಿಮ್ಮ ರೌಟರಿನಲ್ಲಿ ಏನು ಬದಲಿಸಿದರೂ ಪ್ರಯೋಜನವಿಲ್ಲ. ನಮ್ಮ ಮನೆಗಳ ಬ್ರಾಡ್‌ಬ್ಯಾಂಡ್‌ನಲ್ಲಿ ಇದು ತೀರಾ ಸಾಮಾನ್ಯ. 'ಗೇಮಿಂಗ್ ರೌಟರ್' ಅಂತ ಕೆಂಪು ದೀಪದ ರೌಟರ್ ಕೊಂಡರೂ ಇದು ಸರಿಹೋಗಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಹಾಗಾದರೆ ಏನು ಮಾಡಬೇಕು? ಬ್ಯಾಚ್ ಫೈಲ್‌ನ ಸಾಲಿನಲ್ಲಿ ಕ್ರಾಸ್‌ಪ್ಲೇ (ಬೇರೆ ಬೇರೆ ಬಗೆಯ ಸಾಧನದವರು ಒಟ್ಟಿಗೆ ಆಡುವ ವ್ಯವಸ್ಥೆ) ಆಯ್ಕೆ ಸೇರಿಸಿ. ಆಗ ಸರ್ವರ್ ಆರು ಅಂಕಿಯ ಜಾಯಿನ್ ಕೋಡ್ ಕೊಡುತ್ತದೆ, ಸಂಪರ್ಕ ಮಧ್ಯದ ಸರ್ವರ್ ಮೂಲಕ ಹೋಗುತ್ತದೆ, ಪೋರ್ಟ್ ತೆರೆಯುವ ಗೋಜೇ ಇಲ್ಲ. ಸರ್ವರ್ ಮತ್ತೆ ಶುರು ಮಾಡಿದಾಗ ಕೋಡ್ ಬದಲಾಗುತ್ತದೆ, ಹೊಸದನ್ನು ಗ್ರೂಪಿಗೆ ಹಾಕಿ. ನನ್ನ ಕೇಳಿದರೆ ಸಿಜಿನ್ಯಾಟ್ ಇದ್ದರೂ ಇಲ್ಲದಿದ್ದರೂ ಇದನ್ನೇ ಮಾಡಿ. ಬೇಡ ಅಂದರೆ ಇಂಟರ್ನೆಟ್ ಕಂಪನಿಗೆ ತಿಂಗಳಿಗಿಷ್ಟು ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮ್ಮ ಮನೆಗೆ ಮಾತ್ರ ಸೇರಿದ, ಬದಲಾಗದ ವಿಳಾಸ) ತೆಗೆದುಕೊಳ್ಳಬಹುದು.

ಸರ್ವರ್ ನಿಲ್ಲಿಸುವಾಗ ಆ ಕಪ್ಪು ವಿಂಡೋದ ಮೂಲೆಯ ಇಂಟು ಗುರುತು ಒತ್ತಬೇಡಿ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ, ಸೇವ್ ಆಗಿ ಮುಚ್ಚುವವರೆಗೆ ಕಾಯಿರಿ. ಸರ್ವರ್ ತಾನಾಗಿ ಸೇವ್ ಮಾಡುವುದು 30 ನಿಮಿಷಕ್ಕೊಮ್ಮೆ. ಇಂಟು ಒತ್ತಿದರೆ ಅಲ್ಲಿಂದ ಈಚೆಗೆ ಕಟ್ಟಿದ ಗೋಡೆ, ಕೂಡಿಟ್ಟ ಕಬ್ಬಿಣ ಎಲ್ಲಾ ಹೋಗಬಹುದು.

ಹಂತ 4: ಲ್ಯಾಗ್ (ಆಟ ತಡವರಿಸುವುದು)

ವಾಲ್‌ಹೈಮ್‌ನಲ್ಲಿ ಒಂದು ವಿಚಿತ್ರ ಇದೆ. ಒಂದು ಪ್ರದೇಶಕ್ಕೆ ಮೊದಲು ಯಾರು ಹೋಗುತ್ತಾರೋ ಅಲ್ಲಿಯ ಪ್ರಾಣಿಗಳ ಓಡಾಟದ ಲೆಕ್ಕವನ್ನು ಅವರ ಕಂಪ್ಯೂಟರೇ ಮಾಡುತ್ತದೆ, ಸರ್ವರ್ ಎಷ್ಟೇ ಚೆನ್ನಾಗಿದ್ದರೂ. ನೆಟ್ ಸರಿಯಿಲ್ಲದ ಗೆಳೆಯ ಮುಂದೆ ಓಡಿದರೆ ಹಿಂದಿನವರಿಗೆಲ್ಲಾ ಟ್ರೋಲ್‌ಗಳು (ಆಟದ ದೈತ್ಯರು) ನಿಂತಲ್ಲೇ ನಿಂತು ಇದ್ದಕ್ಕಿದ್ದ ಹಾಗೆ ಮೈಮೇಲೆ ಬಂದಿರುತ್ತವೆ. ದೊಡ್ಡ ಕಾಳಗಕ್ಕೆ ಹೋಗುವಾಗ ಒಳ್ಳೆಯ ನೆಟ್ ಇರುವವನು ಮೊದಲು ಹೋಗಲಿ, ಉಳಿದವರು ಅವನ ಹಿಂದೆ ಬರಲಿ. ಇಷ್ಟರಿಂದಲೇ ಆಟ ಎಷ್ಟು ಸಲೀಸಾಗುತ್ತದೆ ಅಂತ ನೋಡಿದರೆ ಖುಷಿಯಾಗುತ್ತದೆ.

ಮೂವರು ಬೆಂಗಳೂರು, ದಾವಣಗೆರೆಯಲ್ಲಿದ್ದು ಒಬ್ಬ ನ್ಯೂಜೆರ್ಸಿಯಲ್ಲಿದ್ದರೆ ಸರ್ವರ್ ಇಲ್ಲೇ ಇರಲಿ. ಅವನ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) 200 ಮಿಲಿಸೆಕೆಂಡ್ ದಾಟುವುದು ಸಾಮಾನ್ಯ, ಆದರೂ ಮನೆ ಕಟ್ಟಲು, ಬೇಟೆಯಾಡಲು ತೊಂದರೆಯಿಲ್ಲ. ಕೌಂಟರ್ ಸ್ಟ್ರೈಕ್ ಮಾತ್ರ ಅವನ ಜೊತೆ ಆಡಲು ಹೋಗಬೇಡಿ, ಯಾರಾದರೊಬ್ಬರು ಬೇಜಾರಾಗುತ್ತೀರಿ. ಹೊತ್ತು ಹೊಂದಿಸಲು ನಮ್ಮ ಭಾನುವಾರ ಬೆಳಿಗ್ಗೆ ಏಳೂವರೆ ಒಳ್ಳೆಯದು. ಅಲ್ಲಿ ಆಗ ಶನಿವಾರ ರಾತ್ರಿ ಹತ್ತು, ಚಳಿಗಾಲದಲ್ಲಿ ಒಂಬತ್ತು.

ಹಂತ 5: ವರ್ಷನ್ ಮತ್ತು ಬ್ಯಾಕಪ್

ಎಲ್ಲರ ಗೇಮ್ ವರ್ಷನ್ ಒಂದೇ ಇರಬೇಕು. ಆಡುವ ದಿನ ಮಧ್ಯಾಹ್ನವೇ ಎಲ್ಲರೂ ಸ್ಟೀಮ್ ತೆರೆದು ಅಪ್‌ಡೇಟ್ ಮುಗಿಸಿಕೊಳ್ಳಿ. ಡೆಡಿಕೇಟೆಡ್ ಸರ್ವರ್ ಪ್ರತ್ಯೇಕವಾಗಿ ಅಪ್‌ಡೇಟ್ ಆಗುತ್ತದೆ, ಇದನ್ನು ಮರೆಯುವವರೇ ಜಾಸ್ತಿ. ಯಾರಾದರೂ ಬೀಟಾ (ಪರೀಕ್ಷೆಗೆಂದು ಬಿಟ್ಟ ವರ್ಷನ್) ಆನ್ ಮಾಡಿಕೊಂಡಿದ್ದರೆ ತೆಗೆಸಿ. ಮಾಡ್ (ಆಟವನ್ನು ಬದಲಿಸಲು ಬೇರೆಯವರು ಮಾಡಿದ ಫೈಲ್) ಹಾಕುವುದಾದರೆ ಎಲ್ಲರೂ ಒಂದೇ ಮಾಡ್ ಹಾಕಿ, ಮೊದಲ ಸಲ ಆಡುವವರು ಹಾಕಲೇಬೇಡಿ.

ದೊಡ್ಡ ಅಪ್‌ಡೇಟ್ ಬರುವ ಮುಂಚೆ ಹೋಸ್ಟ್ ಆದವನು ಜಗತ್ತಿನ ಫೈಲ್ ತೆಗೆದಿಟ್ಟುಕೊಳ್ಳಬೇಕು. ಪ್ರತಿ ಜಗತ್ತಿಗೆ ಒಂದೇ ಹೆಸರಿನ ಎರಡು ಫೈಲ್ ಇರುತ್ತವೆ, ಒಂದರ ಕೊನೆಗೆ ಡಿಬಿ, ಇನ್ನೊಂದರ ಕೊನೆಗೆ ಎಫ್‌ಡಬ್ಲ್ಯೂಎಲ್ ಅಂತ. ಸರ್ವರ್ ನಿಲ್ಲಿಸಿದ ಮೇಲೆ ಎರಡನ್ನೂ ಒಟ್ಟಿಗೆ ಕಾಪಿ ಮಾಡಿ ಪೆನ್ ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿ, ಗುಂಪಿನ ಇನ್ನೊಬ್ಬರಿಗೂ ಕಳಿಸಿ. ಹೋಸ್ಟ್ ಊರು ಬಿಟ್ಟರೂ ಲ್ಯಾಪ್‌ಟಾಪ್ ಕೆಟ್ಟರೂ ಆ ಎರಡು ಫೈಲ್ ಇದ್ದವರು ಅದೇ ಜಗತ್ತನ್ನು ಮತ್ತೆ ತೆರೆಯಬಹುದು.