ಯಾರೋ ಬಿಟ್ಟುಹೋದ ಕುಂಡದ ಗಿಡ: ಗುರುತು ಹಿಡಿಯುವುದು, ಚೇತರಿಸುವುದು

ಮುಂಬಯಿಯ ಹಳೆಯ ಸೊಸೈಟಿಗಳ ಮೆಟ್ಟಿಲ ತಿರುವಿನಲ್ಲೋ, ಬಾಡಿಗೆಗೆ ಹಿಡಿದ ಫ್ಲ್ಯಾಟಿನ ಕಿಟಕಿ ಗ್ರಿಲ್ಲಿನಲ್ಲೋ ಹಿಂದಿನವರು ಬಿಟ್ಟುಹೋದ ಗಿಡವೊಂದು ಒಣಗಿ ನಿಂತಿರುವುದು ಅಪರೂಪವಲ್ಲ. ಅದನ್ನು ಕಂಡ ಕೂಡಲೇ ನೀರು, ಗೊಬ್ಬರ ಸುರಿಯಬಾರದು. ಗಿಡ ಯಾವುದೆಂಬುದು ಮೊದಲು ತಿಳಿಯಬೇಕು.

ಎಲೆಗಳು ಉದುರಿದ್ದರೂ ಕಾಂಡದಲ್ಲಿ ಸುಳಿವು ಉಳಿದಿರುತ್ತದೆ. ಬಳ್ಳಿಯ ಗೆಣ್ಣುಗಳಲ್ಲಿ ಗಾಳಿಬೇರಿನ ಕಂದು ಮೊಳಕೆಗಳಿದ್ದರೆ ಅದು ಮನಿ ಪ್ಲಾಂಟ್ ಆಗಿರಬಹುದು. ಅಂಥದೇ ಬಳ್ಳಿಯ ತೊಟ್ಟು ಮುರಿದಾಗ ಹಾಲು ಒಸರಿದರೆ ಸಿಂಗೋನಿಯಂ ಎಂದು ಊಹಿಸಬಹುದು. ನೇರ ಕಾಂಡ, ದಪ್ಪ ಹೊಳಪಿನ ಎಲೆ, ಜೊತೆಗೆ ಹಾಲು ಇದ್ದರೆ ರಬ್ಬರ್ ಗಿಡ. ಉದುರಿದ ಎಲೆಗಳ ಉಂಗುರದ ಗುರುತು ಹೊತ್ತ ಕಾಂಡದ ತುದಿಯಲ್ಲಿ ಮಾತ್ರ ಎಲೆಗೊಂಚಲು ಉಳಿದಿದ್ದರೆ ಡ್ರಸೀನಾ ಅಥವಾ ಡೈಫೆನ್‌ಬೇಕಿಯಾ. ಎರಡನೆಯದರ ಕಾಂಡ ಮೆತ್ತಗೆ, ರಸಭರಿತವಾಗಿರುತ್ತದೆ. ಆ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿರುವುದರಿಂದ ಬಾಯಿಗೆ ತಗುಲಿದರೆ ಉರಿ, ಊತ ಬರುತ್ತದೆ. ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಬೇಕು, ಮಕ್ಕಳನ್ನು ದೂರವಿಡಬೇಕು.

ಬಳಿಕ ಕಾಂಡದ ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ಉಗುರಿನಿಂದ ಸಿಪ್ಪೆ ಕೆರೆದು ನೋಡಬೇಕು. ಒಳಗೆ ಹಸಿರು, ತೇವ ಕಂಡರೆ ಆ ಭಾಗಕ್ಕೆ ಜೀವವಿದೆ. ಒಣ ಭಾಗವನ್ನು ಜೀವಂತ ಗೆಣ್ಣಿನ ತುಸು ಮೇಲಕ್ಕೆ ಕತ್ತರಿಸಿಬಿಡಬಹುದು.

ನಿಜವಾದ ಕೆಲಸವಿರುವುದು ಮಣ್ಣಿನಲ್ಲಿ. ಇಲ್ಲಿನ ನರ್ಸರಿಗಳ ಕೆಂಪು ಮಣ್ಣು ವರ್ಷಗಟ್ಟಲೆ ಒಣಗಿದಾಗ ಇಟ್ಟಿಗೆಯಂತೆ ಬಿಗಿದು ಕುಂಡದ ಗೋಡೆಯಿಂದ ಸರಿದುಕೊಳ್ಳುತ್ತದೆ. ಮೇಲಿನಿಂದ ಹಾಕಿದ ನೀರು ಆ ಬಿರುಕಿನಲ್ಲೇ ಇಳಿದು ತಟ್ಟೆಗೆ ಬರುತ್ತದೆ, ಬೇರಿಗೆ ಒಂದು ಹನಿಯೂ ತಲುಪುವುದಿಲ್ಲ. ಇಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಗುಳ್ಳೆ ನಿಂತ ಮೇಲೆ ಎತ್ತಿ ಸೋರಲು ಬಿಡಬೇಕು. ಮಣ್ಣು ಹಸಿಯಿದ್ದೂ ಎಲೆ ಹಳದಿಯಾಗಿದ್ದರೆ ಗಿಡವನ್ನು ಹೊರತೆಗೆದು ಬೇರು ಪರೀಕ್ಷಿಸಬೇಕು: ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುವ ಬೇರುಗಳನ್ನು ಕತ್ತರಿಸಿ, ತೆಂಗಿನ ನಾರಿನ ಪುಡಿ ಮತ್ತು ದಪ್ಪ ಮರಳು ಬೆರೆಸಿದ ಹೊಸ ಮಣ್ಣಿಗೆ ನೆಡಬೇಕು. ಬೇರು ಕಡಿಮೆಯಾದ ಗಿಡಕ್ಕೆ ದೊಡ್ಡ ಕುಂಡ ಬೇಡ, ಹೆಚ್ಚಾದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ.

ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳುಪು ಕಂಡರೆ ಅದು ಹಿಟ್ಟು ತಿಗಣೆ. 1 ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸಬೇಕು, ವಾರದ ನಂತರ ಮತ್ತೊಮ್ಮೆ.

ಗಿಡವನ್ನು ಏಪ್ರಿಲ್-ಮೇ ತಿಂಗಳ ಪಶ್ಚಿಮದ ಬಿಸಿಲಿಗೆ ಒಡ್ಡದೆ ಪೂರ್ವದ ಕಿಟಕಿಯ ಬಳಿ ಇಡುವುದು ಲೇಸು. ಎರಡು ಮೂರು ಹೊಸ ಎಲೆ ಬರುವವರೆಗೆ ಗೊಬ್ಬರದ ಮಾತೇ ಬೇಡ. ಆಮೇಲೆ ಹಿಡಿಯಷ್ಟು ಎರೆಗೊಬ್ಬರ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ಹವೆಯಲ್ಲಿ ಬೆರಳು ಎರಡು ಗೆಣ್ಣಿನಷ್ಟು ಊರಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು. ಬೇರು ಕೊಳೆಯುವುದಷ್ಟೇ ಅಲ್ಲ, ಡೆಂಗಿ ಹರಡುವ ಈಡಿಸ್ ಸೊಳ್ಳೆಯೂ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮನಿ ಪ್ಲಾಂಟ್ ಆಗಿದ್ದರೆ, ಮುನ್ನೆಚ್ಚರಿಕೆಗಾಗಿ ಗೆಣ್ಣಿರುವ ಎರಡು ತುಂಡುಗಳನ್ನು ಬಾಟಲಿಯ ನೀರಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಬಹುದು.