ಮಲೆನಾಡಿನ ಮೆದು ನೀರಿನಲ್ಲಿ ಮೀನು ಉಳಿಸಿಕೊಂಡ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಸಾವಿರ ಲೀಟರಿನ ಒಂದು ಮೀನಿನ ತೊಟ್ಟಿಯೂ ಅದರ ಪಕ್ಕದಲ್ಲಿ ಕರಿಕಲ್ಲಿನ ಜಲ್ಲಿ ತುಂಬಿದ ಎರಡು ಗಿಡದ ತೊಟ್ಟಿಗಳೂ ಇವೆ. ಮೀನಿನ ನೀರನ್ನು ಪಂಪು ಜಲ್ಲಿಗೆ ಎತ್ತುತ್ತದೆ. ಜಲ್ಲಿಗೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಮೀನು ಹೊರಬಿಟ್ಟ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಬಸಳೆ, ಪುದೀನ, ಕೆಸು, ಒಂದೆಲಗಗಳು ಆ ನೈಟ್ರೇಟನ್ನು ಹೀರಿಕೊಂಡ ಮೇಲೆ ನೀರು ತಿರುಗಿ ಮೀನಿಗೆ ಇಳಿಯುತ್ತದೆ. ಸಾಕಿರುವುದು ಸಾಮಾನ್ಯ ಗೆಂಡೆ. ನಮ್ಮ ಮಾಗಿಯ ಚಳಿಯನ್ನು ಅದು ತಾಳಿಕೊಳ್ಳುತ್ತದೆ ಎಂಬುದೇ ಆಯ್ಕೆಗೆ ಮುಖ್ಯ ಕಾರಣ. ಈ ವ್ಯವಸ್ಥೆಯಲ್ಲಿ ಮೀನು ಸಾಯತೊಡಗಿದಾಗ ಕಾರಣವನ್ನು ಹೇಗೆ ಹುಡುಕಿದೆ, ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೀಗೆ ಒಂದೇ ನೀರಿನಲ್ಲಿ ಮೀನನ್ನೂ ಗಿಡವನ್ನೂ ಸಾಕುವ ಅಕ್ವಾಪೋನಿಕ್ಸ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹಲವು ಗಡಸು ನೀರಿರುವ ಊರುಗಳಿಗೆ ಹೊಂದುವಂಥವು. ಬಯಲುಸೀಮೆಯ ಕೊಳವೆಬಾವಿಯ ನೀರಿನಲ್ಲಿ ಪಿಎಚ್ (ನೀರಿನ ಹುಳಿಯನ್ನು ಹೇಳುವ ಅಳತೆ, ಅದು ಇಳಿದಷ್ಟೂ ಹುಳಿ ಹೆಚ್ಚು) ಇಳಿಸುವುದೇ ದೊಡ್ಡ ಕೆಲಸ. ನಮ್ಮಲ್ಲಿ ಅದು ತಿರುಗುಮುರುಗು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಷ್ಟು ಸುರಿಯದ ನಮ್ಮೂರಿನಲ್ಲಿಯೂ ತಲೆತಲಾಂತರದ ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಉಳಿದಿರುವುದು ಜಂಬಿಟ್ಟಿಗೆಯ ಕೆಂಪು ನೆಲ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿಸಿಕೊಂಡ ನೀರು ಕುಡಿಯಲು ರುಚಿ, ಅದರಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆಯುತ್ತದೆ. ಆ ಮೆದುತನವೇ ಮೀನಿನ ತೊಟ್ಟಿಯಲ್ಲಿ ತೊಂದರೆಯ ಮೂಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಷಾಢದ ಜಡಿಮಳೆಯ ಹೊತ್ತಿನಲ್ಲಿ ಗೆಂಡೆಗಳು ಆಹಾರಕ್ಕೆ ಮೇಲೆ ಬರುವುದನ್ನು ಬಿಟ್ಟವು. ಮೈಮೇಲೆ ಬೂದು ಬಣ್ಣದ ಲೋಳೆ ಕಟ್ಟಿಕೊಂಡಿತು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ನಿಂತವು, ದಿನಕ್ಕೆ ಒಂದೋ ಎರಡೋ ಸಾಯತೊಡಗಿದವು. ನೋಡಿದವರೆಲ್ಲ ರೋಗವೆಂದರು, ನೀರಿಗೆ ಆ್ಯಂಟಿಬಯಾಟಿಕ್ ಹಾಕಬೇಕೆಂಬ ಸಲಹೆಯೂ ಬಂತು. ಅದನ್ನು ನಾನು ಒಪ್ಪಲಿಲ್ಲ. ಮೀನಿಗೆಂದು ನೀರಿಗೆ ಹಾಕಿದ ಔಷಧ ಜಲ್ಲಿಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲದು. ಅವು ಸತ್ತರೆ ಅಮೋನಿಯಾ ಏರಿ, ಉಳಿಯಬಹುದಾಗಿದ್ದ ಮೀನೂ ಹೋಗುತ್ತದೆ. ಅಲ್ಲದೆ ಅದೇ ನೀರಿನ ಸೊಪ್ಪನ್ನು ಮನೆಯವರು ತಿನ್ನಬೇಕು.

ಸಾವು ಬಂದ ರೀತಿಯೇ ಅರ್ಧ ಕಾರಣವನ್ನು ಹೇಳುತ್ತದೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದು, ದೊಡ್ಡವು ಮೊದಲು ಸತ್ತರೆ ಆಮ್ಲಜನಕದ ಕೊರತೆಯನ್ನು ಸಂಶಯಿಸಬೇಕು. ನಿನ್ನೆ ಚೆನ್ನಾಗಿದ್ದವು ಇಂದು ಒಟ್ಟಿಗೇ ತೇಲಿದರೆ, ನೀರಿಗೆ ಗಾಳಿಯೂ ಸರಿಯಾಗಿ ಸಿಗುತ್ತಿದ್ದರೆ, ಹೊರಗಿನಿಂದ ವಿಷ ಬಿದ್ದಿರುವ ಸಾಧ್ಯತೆ ಹೆಚ್ಚು. ಒಂದೊಂದಾಗಿ, ದಿನಗಟ್ಟಲೆ ಸಾಯುವುದು ನಿಧಾನವಾಗಿ ಕೆಟ್ಟ ನೀರಿನ ಅಥವಾ ಪರಾವಲಂಬಿಯ ಲಕ್ಷಣ. ಹಾಗಾಗಿ ಸತ್ತ ಮೀನನ್ನು ಎಸೆಯುವ ಮೊದಲು ಕಿವಿರಿನ ಮುಚ್ಚಳ ಎತ್ತಿ ಬಣ್ಣ ನೋಡುತ್ತೇನೆ, ಹೊತ್ತನ್ನೂ ಗಾತ್ರವನ್ನೂ ಬರೆದಿಡುತ್ತೇನೆ, ಆಮೇಲೆ ನೀರು ಪರೀಕ್ಷಿಸುತ್ತೇನೆ.

ಆ ಸಲ ಪಿಎಚ್ 6ಕ್ಕಿಂತ ಕೆಳಗಿತ್ತು, ಅಮೋನಿಯಾ ಲೀಟರಿಗೆ 4 ಮಿ.ಗ್ರಾಂ. ಇತ್ತು. ಕ್ಷಾರೀಯತೆಯ ಪರೀಕ್ಷೆಯಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು. ಅಂದರೆ ನೀರಿನಲ್ಲಿ ಹುಳಿಯನ್ನು ತಡೆಯುವ ಅಂಶ ಉಳಿದೇ ಇರಲಿಲ್ಲ. ಇದರ ಲೆಕ್ಕ ಸರಳವಾಗಿದೆ. 1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾಗಳು ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರೀಯತೆಯನ್ನು ಖರ್ಚು ಮಾಡುತ್ತವೆ. ಶೇ. 32 ಪ್ರೋಟೀನಿನ ಆಹಾರವನ್ನು ದಿನಕ್ಕೆ 50 ಗ್ರಾಂ ಹಾಕಿದರೆ ಅದರಲ್ಲಿ ಸುಮಾರು 2.5 ಗ್ರಾಂ ಸಾರಜನಕವಿರುತ್ತದೆ. ಒಂದೂವರೆ ಗ್ರಾಮಿನಷ್ಟು ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆಂದು ಹಿಡಿದರೂ ಖರ್ಚು ದಿನಕ್ಕೆ 10 ಗ್ರಾಂ ಮೀರುತ್ತದೆ. ನಮ್ಮ ಅಬ್ಬಿಯ ನೀರಿನ ಕ್ಷಾರೀಯತೆ ಲೀಟರಿಗೆ 20 ಮಿ.ಗ್ರಾಂ., ಅಂದರೆ ಇಡೀ ತೊಟ್ಟಿಯಲ್ಲಿ ಇದ್ದದ್ದೇ 20 ಗ್ರಾಂ. ಹೊರಗಿನಿಂದ ಏನೂ ಸೇರದಿದ್ದರೆ ಅದು ಎರಡು ದಿನದ ಬಾಳು. ಬೇಸಗೆಯಲ್ಲಿ ಗಿಡಗಳು ನೈಟ್ರೇಟ್ ಹೀರುವಾಗ ಈ ಖರ್ಚಿನ ಒಂದು ಪಾಲನ್ನು ನೀರಿಗೆ ಮರಳಿಸುತ್ತವೆ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಗಿಡ ನಿಂತುಹೋಗುತ್ತದೆ, ಆ ಪಾಲು ಬರುವುದಿಲ್ಲ. ಮೇಲಿನಿಂದ ಬೀಳುವ ಮಳೆನೀರು ಇದ್ದಬದ್ದದ್ದನ್ನೂ ತೆಳುಮಾಡುತ್ತದೆ. ಪಿಎಚ್ 6ರ ಹತ್ತಿರ ಇಳಿದಾಗ ಬ್ಯಾಕ್ಟೀರಿಯಾಗಳ ಕೆಲಸ ಬಹುಮಟ್ಟಿಗೆ ನಿಂತು ಅಮೋನಿಯಾ ಗುಡ್ಡೆಯಾಗುತ್ತದೆ. ಜಲ್ಲಿ ಕರಿಕಲ್ಲಿನದಾದ್ದರಿಂದ ಅದೂ ನೆರವಿಗೆ ಬಾರದು; ನಿಂಬೆರಸ ಹಾಕಿದರೆ ಸುಣ್ಣದ ಅಂಶವಿರುವ ಕಲ್ಲು ನೊರೆಯುತ್ತದೆ, ನಮ್ಮ ಜಲ್ಲಿ ನೊರೆಯುವುದಿಲ್ಲ.

ಪಕ್ಕದ ತೋಟದವರು ಬಂದು ನೋಡಿ, "ಒಂದು ಬೊಗಸೆ ಸುಣ್ಣ ಹಾಕಿಬಿಡಿ ಮಾರಾಯ್ರೆ, ಕೆರೆಗೆಲ್ಲ ಹಾಕೋದಿಲ್ವಾ?" ಎಂದು ಕಾಳಜಿಯಿಂದಲೇ ಹೇಳಿದರು. ಕೆರೆಗೆ ಅದು ಸರಿ. ಈ ತೊಟ್ಟಿಗೆ ಆ ಹೊತ್ತಿನಲ್ಲಿ ಹಾಕಿದ್ದರೆ ಮಿಕ್ಕ ಮೀನೆಲ್ಲ ಒಂದೇ ದಿನ ಹೋಗುತ್ತಿದ್ದವು. ಹುಳಿ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಮೀನಿಗೆ ಅಷ್ಟಾಗಿ ವಿಷವಲ್ಲ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇರುವಾಗ ವಿಷದ ರೂಪ ಶೇ. 1ಕ್ಕಿಂತ ಕಡಿಮೆ, 8ರಲ್ಲಿ ಶೇ. 5ರಷ್ಟು, 9ರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ತಡೆಯುವ ಅಂಶವಿಲ್ಲದ ಮೆದು ನೀರಿಗೆ ಅರಳಿಸಿದ ಸುಣ್ಣ ಬಿದ್ದರೆ ಪಿಎಚ್ ನೇರವಾಗಿ 9ನ್ನು ದಾಟಬಹುದು.

ಆದ್ದರಿಂದ ಮೊದಲು ಆಹಾರ ನಿಲ್ಲಿಸಿದೆ. ಹಸಿದ ಗೆಂಡೆ ಕೆಲವು ದಿನ ಸಾಯುವುದಿಲ್ಲ. ನೀರಿನ ಮೂರನೆಯ ಒಂದು ಭಾಗವನ್ನು ಬದಲಿಸಿ, ಮರುದಿನ ಮತ್ತೆ ಬದಲಿಸಿ, ಅಮೋನಿಯಾವನ್ನು ಇಳಿಸಿದೆ. ಅದಾದ ಮೇಲೆಯೇ ಪಿಎಚ್ ಏರಿಸಲು ಕೈಹಾಕಿದ್ದು. ಕುಂದಾಪುರದ ಕಡೆಯಿಂದ ತರಿಸಿದ ಕಪ್ಪೆಚಿಪ್ಪನ್ನು ಚೆನ್ನಾಗಿ ತೊಳೆದು, ಕುಟ್ಟಿ, ಬಲೆಯ ಚೀಲದಲ್ಲಿ ತುಂಬಿ, ಜಲ್ಲಿಯಿಂದ ನೀರು ಬೀಳುವ ಜಾಗದಲ್ಲಿ ಕಟ್ಟಿದೆ. ಚಿಪ್ಪಿನ ಗುಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ನೀರು ಹುಳಿಯಾದಷ್ಟೂ ಬೇಗ ಕರಗುತ್ತದೆ, ಪಿಎಚ್ 7 ದಾಟುತ್ತಿದ್ದಂತೆ ಕರಗುವುದು ತೀರಾ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಚಿಪ್ಪೊಂದೇ ಸಾಲದು. ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಒಂದು ಬಕೆಟ್ ನೀರಿನಲ್ಲಿ ಕರಗಿಸಿ ಜಲ್ಲಿಯ ಮೇಲೆ ಸುರಿಯುತ್ತೇನೆ. ಸಾವಿರ ಲೀಟರಿಗೆ 20 ಗ್ರಾಂ ಹಾಕಿದರೆ ಕ್ಷಾರೀಯತೆ ಲೀಟರಿಗೆ 10 ಮಿ.ಗ್ರಾಂ. ಏರುತ್ತದೆ, ಗಿಡಕ್ಕೆ ಪೊಟ್ಯಾಷೂ ಸಿಗುತ್ತದೆ. ಅಡುಗೆ ಸೋಡಾ ತುರ್ತಿಗೆ ಆಗುತ್ತದೆ, ಆದರೆ ಪದೇ ಪದೇ ಹಾಕಿದರೆ ಸೋಡಿಯಂ ಸೇರಿ ಗಿಡ ಸೊರಗುತ್ತದೆ. ಈಗ ನಾನು ಪಿಎಚ್‌ಗಿಂತ ಕ್ಷಾರೀಯತೆಯನ್ನೇ ಹೆಚ್ಚಾಗಿ ಅಳೆಯುತ್ತೇನೆ, ಲೀಟರಿಗೆ 50 ಮಿ.ಗ್ರಾಮಿಗಿಂತ ಕೆಳಗೆ ಬಿಡುವುದಿಲ್ಲ. ಪಿಎಚ್ ಕುಸಿಯುವ ಮೊದಲೇ ಅದು ಎಚ್ಚರಿಸುತ್ತದೆ.

ಬ್ಯಾಕ್ಟೀರಿಯಾಗಳು ಮತ್ತೆ ಚೇತರಿಸಿಕೊಳ್ಳುವಾಗ ನಡುವೆ ನೈಟ್ರೈಟ್ ಏರಿತು. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದು. ಕಿವಿರು ಕೆಂಪು ಬಿಟ್ಟು ಕಂದಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಇದನ್ನು ತಡೆಯುತ್ತದೆ, ನಮ್ಮ ನೀರಿನಲ್ಲಿ ಅದೂ ಅತ್ಯಲ್ಪ. ಸಾವಿರ ಲೀಟರಿಗೆ 150 ಗ್ರಾಂ ಕಲ್ಲುಪ್ಪು ಹಾಕಿದೆ. ಗಿಡಗಳಿಗೆ ಏನೂ ಆಗಲಿಲ್ಲ, ಸಾವು ನಿಂತಿತು.

ಇನ್ನೊಂದು ಹಾನಿಯ ಕಾರಣ ಮಲೆನಾಡಿನಲ್ಲಿ ಅಡಿಕೆ ತೋಟದ ಬಳಿ ಮೀನು ಸಾಕುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯುವುದು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಿಂದ ಬಂದ ಕ್ರಮ; 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದಿಲ್ಲದೆ ಬೆಳೆ ಉಳಿಯುವುದಿಲ್ಲ, ಬಿಡಿ ಎಂದು ಯಾರಿಗೂ ಹೇಳಲಾಗದು. ಆದರೆ ಮೈಲುತುತ್ತದ ತಾಮ್ರ ಮೀನಿನ ಕಿವಿರಿಗೆ ವಿಷ, ಮೆದು ನೀರಿನಲ್ಲಂತೂ ಗಡಸು ನೀರಿಗಿಂತ ಬಹಳ ಹೆಚ್ಚು ವಿಷ. ಒಮ್ಮೆ ಕೊನೆಗಾರರು (ಅಡಿಕೆ ಮರ ಹತ್ತುವವರು) ಔಷಧಿ ಹೊಡೆದ ಮಾರನೆಯ ದಿನ ಮಳೆ ಬಂದು, ಮೀನುಗಳು ಒಟ್ಟಿಗೇ ಒದ್ದಾಡತೊಡಗಿದವು. ಗಾಳಿ ಸರಿಯಾಗಿ ಆಡುತ್ತಿತ್ತು, ಅಮೋನಿಯಾ, ನೈಟ್ರೈಟ್ ಎರಡೂ ಇರಲಿಲ್ಲ. ತೊಟ್ಟಿಯ ಗೋಡೆಯಲ್ಲಿದ್ದ ಬಸವನಹುಳುಗಳು ಉದುರಿ ತಳದಲ್ಲಿ ಬಿದ್ದಿರುವುದನ್ನು ಕಂಡಾಗ ಸಂಶಯ ತಾಮ್ರದ ಕಡೆಗೆ ಹೋಯಿತು, ಏಕೆಂದರೆ ಅವು ತಾಮ್ರಕ್ಕೆ ಬಹಳ ಬೇಗ ಸಾಯುತ್ತವೆ. ಮೇಲೆ ಬಾಗಿದ್ದ ಅಡಿಕೆ ಸೋಗೆಯಿಂದ ಹನಿ ನೇರ ಜಲ್ಲಿಗೆ ಬೀಳುತ್ತಿತ್ತು. ಅಬ್ಬಿಯ ನೀರನ್ನು ಹರಿಯಬಿಟ್ಟು ಹೆಚ್ಚಿನಂಶ ನೀರನ್ನು ಬದಲಿಸಿದೆ, ಕ್ಷಾರೀಯತೆ ಏರಿಸಿದೆ. ಅರ್ಧದಷ್ಟು ಮೀನು ಉಳಿದವು. ಈಗ ಕೊನೆಗಾರರು ಹಿಂದಿನ ದಿನವೇ ತಿಳಿಸುತ್ತಾರೆ, ಮೂರೂ ತೊಟ್ಟಿಗಳಿಗೆ ಟಾರ್ಪಾಲು ಕಟ್ಟುತ್ತೇನೆ, ದೊಡ್ಡ ಮಳೆಗಳು ಸೋಗೆಯನ್ನು ತೊಳೆಯುವ ತನಕ ಬಿಚ್ಚುವುದಿಲ್ಲ. ಮಾಡಿನ ನೀರನ್ನೂ ತೊಟ್ಟಿಗೆ ಬಿಡುವುದಿಲ್ಲ. ಸತುವಿನ ಲೇಪದ ಶೀಟಿನಿಂದ ಇಳಿದ ನೀರಿನಲ್ಲಿ ಸತುವಿರುತ್ತದೆ, ಮೆದು ನೀರಿನಲ್ಲಿ ಅದೂ ಮೀನಿಗೆ ಕೇಡು.

ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆಂದು ಹೇಳಲಾಗದು. ಬ್ಯಾಟರಿಯ ಏರ್ ಪಂಪ್ ಇಲ್ಲದೆ ಮೀನು ಸಾಕುವುದು ಬೇಡವೆಂದೇ ಹೇಳುತ್ತೇನೆ. ಕರೆಂಟಿಲ್ಲದ ದಿನ ಆಹಾರವನ್ನೂ ಹಾಕಬಾರದು, ಏಕೆಂದರೆ ತಿಂದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು.

ನೀರು ಥಟ್ಟನೆ ತಣ್ಣಗಾದಾಗ ಬರುವ ಬಿಳಿಚುಕ್ಕೆ ರೋಗ ಮಾತ್ರ ನಿಜವಾದ ರೋಗ. ಮೈಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಅಂಥ ಮೀನುಗಳನ್ನು ಬೇರೆ ಡ್ರಮ್ಮಿಗೆ ತೆಗೆದು ಲೀಟರಿಗೆ 3 ಗ್ರಾಂ ಉಪ್ಪಿನ ನೀರಿನಲ್ಲಿ ಗಾಳಿ ಕೊಟ್ಟು ಇಡುತ್ತೇನೆ. ಈ ರೋಗಕ್ಕೆ ಹಾಕುವ ಮ್ಯಾಲಕೈಟ್ ಗ್ರೀನ್ ಎಂಬ ವಿಷದ ಬಣ್ಣವನ್ನು ತಿನ್ನುವ ಮೀನಿಗೆ ಯಾವ ಕಾರಣಕ್ಕೂ ಬಳಸಬಾರದು.

ಹೊಸ ಮರಿಗಳನ್ನು ಭದ್ರಾ ಅಣೆಕಟ್ಟೆಯ ಬಳಿಯ ಬಿ.ಆರ್. ಪ್ರಾಜೆಕ್ಟಿನ ಕಡೆಯಿಂದ ತಂದಾಗ ಚೀಲದ ನೀರಿನ ಕ್ಷಾರೀಯತೆಯನ್ನು ಮೊದಲು ಅಳೆಯುತ್ತೇನೆ. ಚೀಲವನ್ನು ತೊಟ್ಟಿಯಲ್ಲಿ ತೇಲಿಸಿದರೆ ಉಷ್ಣತೆ ಮಾತ್ರ ಹೊಂದಿಕೊಳ್ಳುತ್ತದೆ. ನೀರಿನ ಗುಣ ಹೊಂದಿಕೊಳ್ಳಬೇಕಾದರೆ ನಮ್ಮ ನೀರನ್ನು ಚೊಂಬು ಚೊಂಬಾಗಿ, ಒಂದು ಗಂಟೆಗೂ ಹೆಚ್ಚು ಹೊತ್ತು ಬೆರೆಸಬೇಕು. ಆಮೇಲೂ ಮೂರು ವಾರ ಅವು ಬೇರೆ ಡ್ರಮ್ಮಿನಲ್ಲಿಯೇ ಇರುತ್ತವೆ, ಅವುಗಳ ಬಲೆಯೂ ಬಕೆಟ್ಟೂ ಬೇರೆ.